ಸ್ಟೀರಾಯ್ಡ್ ಇಳಿಸುವಾಗ ಅವಸರ ಬೇಡ

ಆಸ್ತಮಾ, ಸಂಧಿವಾತ, ಲೂಪಸ್, ಕರುಳಿನ ಉರಿಯೂತ, ಹೀಗೆ ಕಾಯಿಲೆ ಯಾವುದೇ ಇರಲಿ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಬಹಳ ಜನಕ್ಕೆ ಆರಾಮ ಸಿಗುತ್ತದೆ. ಬರುಬರುತ್ತಾ ಮುಖ ಊದಿಕೊಳ್ಳುತ್ತದೆ, ನಿದ್ದೆ ಕೆಡುತ್ತದೆ, ತೂಕ, ಶುಗರ್ ಏರುತ್ತವೆ. ಹಾಗಾಗಿ ವೈದ್ಯರು ‘ಇನ್ನು ಡೋಸ್ ಇಳಿಸೋಣ’ ಎಂದಾಗ ರೋಗಿಗೆ ದೊಡ್ಡ ಸಮಾಧಾನ. ಇಳಿಸತೊಡಗಿದ ಮೇಲೆ ಏಳಲೂ ಆಗದಂಥ ಸುಸ್ತು, ಮೈಕೈ ನೋವು, ಕಾರಣವಿಲ್ಲದ ಅಳು ಬಂದರೆ ಅಷ್ಟೇ ಗಾಬರಿ. ಕೆಲವರು ಯಾರಿಗೂ ಹೇಳದೆ ಮತ್ತೆ ಮಾತ್ರೆ ಹೆಚ್ಚಿಸಿಕೊಳ್ಳುತ್ತಾರೆ. ಕೆಲವರು ಬೇಸತ್ತು ಒಂದೇ ಸಲ ನಿಲ್ಲಿಸಿಬಿಡುತ್ತಾರೆ. ಹಾಗೆ ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಎರವಾಗಬಹುದು.

ಮೊದಲು ಕಾರಣ ತಿಳಿಯಿರಿ

ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತವೆ. ರಕ್ತದೊತ್ತಡ ಬೀಳದಂತೆ, ರಕ್ತದ ಸಕ್ಕರೆ ಕುಸಿಯದಂತೆ ಕಾಯುವುದು, ಜ್ವರ-ಗಾಯಗಳನ್ನು ತಾಳಿಕೊಳ್ಳುವ ಶಕ್ತಿ ಕೊಡುವುದು ಇದರ ಕೆಲಸ. ಮಾತ್ರೆಯ ರೂಪದಲ್ಲಿ ಸ್ಟೀರಾಯ್ಡ್ ಬರತೊಡಗಿದರೆ ಮೆದುಳು ಈ ಗ್ರಂಥಿಗಳಿಗೆ ಸೂಚನೆ ಕಳಿಸುವುದನ್ನು ಕಡಿಮೆ ಮಾಡುತ್ತದೆ. 3–4 ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಗ್ರಂಥಿ ಮಲಗಿಬಿಟ್ಟಿರಬಹುದು. ಅದು ಮತ್ತೆ ಎಚ್ಚರಗೊಳ್ಳಲು ಕೆಲವರಿಗೆ ವಾರಗಳು ಸಾಕು, ಕೆಲವರಿಗೆ 6–12 ತಿಂಗಳೂ ಬೇಕು.

ದೇಹ ತಾನಾಗಿ ತಯಾರಿಸುವ ಒಂದು ದಿನದ ಕಾರ್ಟಿಸಾಲ್ ಹೆಚ್ಚುಕಡಿಮೆ 5 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಆದ್ದರಿಂದ 40ರಿಂದ 30ಕ್ಕೆ ಇಳಿದಾಗ ಅಷ್ಟೇನೂ ಅನ್ನಿಸದವರಿಗೆ 5ರಿಂದ 4ಕ್ಕೆ ಇಳಿದಾಗ ಕಾಲು ಎತ್ತಿಡಲೂ ಕಷ್ಟವಾಗಬಹುದು. ಆ ಕೊನೆಯ ಮಿಲಿಗ್ರಾಂಗಳಲ್ಲೇ ಹೆಚ್ಚು ತಾಳ್ಮೆ ಬೇಕು. ‘ಇಷ್ಟು ಚಿಕ್ಕ ಡೋಸ್, ಬಿಟ್ಟರೇನು?’ ಎಂಬ ಯೋಚನೆ ಬರುವುದೂ ಅಲ್ಲೇ.

ಇಳಿಕೆಯ ಪಟ್ಟಿ ಬರೆಸಿಕೊಳ್ಳಿ

ಯಾವ ದಿನದಿಂದ ಎಷ್ಟು ಎಂಬುದನ್ನು ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಡೋಸ್ ಹೆಚ್ಚಿರುವಾಗ 5 ಮಿ.ಗ್ರಾಂನಂತೆ, 10ಕ್ಕಿಂತ ಕೆಳಗೆ ಬಂದ ಮೇಲೆ ಒಂದರಿಂದ ನಾಲ್ಕು ವಾರಕ್ಕೊಮ್ಮೆ 1 ಮಿ.ಗ್ರಾಂನಂತೆ ಇಳಿಸುವುದು ಸಾಮಾನ್ಯ ಕ್ರಮ. ಕಾಯಿಲೆ ನೋಡಿ ಇದು ಬದಲಾಗುತ್ತದೆ, ಪಕ್ಕದವರ ಪಟ್ಟಿ ನಿಮಗೆ ಹೊಂದುವುದಿಲ್ಲ. ಅದೇ ಮಾತ್ರೆ ಬೇರೆ ಬೇರೆ ಮಿಲಿಗ್ರಾಂಗಳಲ್ಲಿ ಬರುವುದರಿಂದ ಪ್ರತಿಸಲ ಸ್ಟ್ರಿಪ್ ಓದಿ. ಹೊಟ್ಟೆಯಲ್ಲಿ ಕರಗದಂತೆ ಲೇಪ ಹಚ್ಚಿದ ಮಾತ್ರೆಗಳನ್ನು ಮುರಿಯಬಾರದು. ದಿನಕ್ಕೊಂದೇ ಡೋಸ್ ಇದ್ದರೆ ಬೆಳಿಗ್ಗೆ, ತಿಂಡಿಯ ಜೊತೆ ತೆಗೆದುಕೊಳ್ಳಿ. ಕಾರ್ಟಿಸಾಲ್ ಸಹಜವಾಗಿ ಏರುವ ಹೊತ್ತೂ ಅದೇ, ರಾತ್ರಿಯ ನಿದ್ದೆಯೂ ಉಳಿಯುತ್ತದೆ.

ಬಂದಿರುವುದು ಏನೆಂದು ಗುರುತಿಸಿ

ಇಡೀ ಪ್ರಯಾಣದಲ್ಲಿ ಬಹಳ ಗೊಂದಲ ಆಗುವುದು ಇಲ್ಲೇ. ಡೋಸ್ ಇಳಿದಾಗ ಕಾಣಿಸುವ ತೊಂದರೆಗೆ ಮೂರು ಮೂಲಗಳಿರಬಹುದು.

ಒಂದು, ದೇಹ ಹೊಸ ಡೋಸ್‌ಗೆ ಹೊಂದಿಕೊಳ್ಳುವ ಕಷ್ಟ. ಸುಸ್ತು, ಮೈಯೆಲ್ಲಾ ನೋವು, ಹಸಿವಿಲ್ಲದಿರುವುದು, ಸಿಡುಕು, ಮಂಕು ಮನಸ್ಸು. ಸಾಮಾನ್ಯವಾಗಿ ಡೋಸ್ ಇಳಿಸಿದ ಬೆನ್ನಿಗೇ ಬಂದು, ದಿನ ಕಳೆದಂತೆ ತಗ್ಗುತ್ತದೆ.

ಎರಡು, ಹಳೆಯ ಕಾಯಿಲೆ ತಲೆಯೆತ್ತುವುದು. ಇಲ್ಲಿ ನಿಮಗೆ ಪರಿಚಯವಿರುವ ಲಕ್ಷಣಗಳೇ ಮರಳುತ್ತವೆ: ಅದೇ ಕೀಲಿನ ಊತ, ಅದೇ ಉಬ್ಬಸ, ಅದೇ ರಕ್ತಭೇದಿ. ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋಗುತ್ತವೆ.

ಮೂರನೆಯದು ಕಾರ್ಟಿಸಾಲ್‌ನ ತೀವ್ರ ಕೊರತೆ. ನಿಲ್ಲದ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ, ಹೊಟ್ಟೆನೋವು, ಮಾತು ತಡವರಿಕೆ, ಮಂಪರು. ಇದು ತುರ್ತು ಸ್ಥಿತಿ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ, ‘ಸ್ಟೀರಾಯ್ಡ್ ಇಳಿಸುತ್ತಿದ್ದೇವೆ’ ಎಂಬುದನ್ನೇ ಮೊದಲ ಮಾತಾಗಿ ಹೇಳಿ. ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಜೀವ ಉಳಿಸುತ್ತದೆ.

ಮೊದಲ ಎರಡನ್ನು ಬೇರ್ಪಡಿಸಲು ಒಂದು ನೋಟ್‌ಬುಕ್ ಸಾಕು. ದಿನಾಂಕ, ಡೋಸ್, ನೋವು ಎಲ್ಲಿ ಎಷ್ಟು, ನಿದ್ದೆ, ಬಿ.ಪಿ. ಬರೆದಿಡಿ. ನೆನಪಿನಿಂದ ಹೇಳುವುದಕ್ಕಿಂತ ಈ ಪುಟಗಳಿಂದ ವೈದ್ಯರಿಗೆ ಹೆಚ್ಚು ಗೊತ್ತಾಗುತ್ತದೆ.

ದಿನನಿತ್ಯ ನಿಭಾಯಿಸುವುದು

ಡೋಸ್ ಇಳಿಸಿದ ಮೊದಲ ಕೆಲವು ದಿನ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಹಾಗೆಂದು ಹಾಸಿಗೆ ಹಿಡಿಯಲೂ ಬೇಡಿ. ನಿಧಾನದ ನಡಿಗೆ ಸೊರಗಿದ ಸ್ನಾಯುಗಳಿಗೂ ಮೂಳೆಗೂ ಒಳ್ಳೆಯದು. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳನ್ನು ನೀವೇ ತಂದು ನುಂಗಬೇಡಿ, ಸ್ಟೀರಾಯ್ಡ್ ಜೊತೆ ಅವು ಸೇರಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಇನ್ನೂ ಎಚ್ಚರ. ಸ್ಟೀರಾಯ್ಡ್ ಇಳಿದಂತೆ ಶುಗರ್ ಕೂಡ ಇಳಿಯುತ್ತದೆ, ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಅದು ತೀರಾ ತಗ್ಗಬಹುದು.

ಮನಸ್ಸಿನ ವಿಷಯವನ್ನು ಜನ ಬಾಯಿಬಿಟ್ಟು ಹೇಳುವುದೇ ಇಲ್ಲ. ಡೋಸ್ ಇಳಿಸುವಾಗ ಬರುವ ಅಳು, ಸಿಡುಕು, ಮಂಕು ನಿಮ್ಮ ದೌರ್ಬಲ್ಯವಲ್ಲ, ಹಾರ್ಮೋನಿನ ಏರುಪೇರು ಮನಸ್ಸನ್ನೂ ಅಲುಗಿಸುತ್ತದೆ. ಇಂಥ ದಿನಗಳು ಬರಬಹುದೆಂದು ಮನೆಯವರಿಗೆ ಮೊದಲೇ ತಿಳಿಸಿ. ಬದುಕೇ ಬೇಡ ಎನಿಸಿದರೆ ಅದೇ ದಿನ ವೈದ್ಯರನ್ನು ಕಾಣಿ.

ಜ್ವರ, ವಾಂತಿ, ಶಸ್ತ್ರಚಿಕಿತ್ಸೆ

ಆರೋಗ್ಯವಂತರ ದೇಹ ಜ್ವರ ಬಂದಾಗ ಕಾರ್ಟಿಸಾಲ್ ಹೆಚ್ಚಿಸಿಕೊಳ್ಳುತ್ತದೆ. ನಿಮ್ಮ ಗ್ರಂಥಿಗೆ ಆ ಶಕ್ತಿ ಇನ್ನೂ ಬಂದಿರದು. ಅಂಥ ದಿನಗಳಲ್ಲಿ ಡೋಸ್ ಎಷ್ಟಕ್ಕೆ ಏರಿಸಬೇಕು, ಮಾತ್ರೆ ವಾಂತಿಯಾದರೆ ಏನು ಮಾಡಬೇಕು ಎಂಬುದನ್ನು ಚೆನ್ನಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಹಲ್ಲು ಕೀಳಿಸುವುದಿರಲಿ, ದೊಡ್ಡ ಆಪರೇಷನ್ ಇರಲಿ, ಸ್ಟೀರಾಯ್ಡ್ ವಿಷಯವನ್ನು ಅಲ್ಲಿನ ವೈದ್ಯರಿಗೆ ಮುಂಚೆ ತಿಳಿಸಿ.

ತಡೆಯಲಾಗದಿದ್ದರೆ

ವೈದ್ಯರನ್ನು ಕೇಳಿ ಹಿಂದಿನ ಡೋಸ್‌ಗೆ ಮರಳಿ, ಕೆಲವು ವಾರ ಅಲ್ಲೇ ನಿಂತು, ಆಮೇಲೆ ಇನ್ನೂ ಚಿಕ್ಕ ಹೆಜ್ಜೆಯಲ್ಲಿ ಇಳಿಯಬಹುದು. ಹಾಗೆ ಮರಳಬೇಕಾದವರು ಬಹಳ ಮಂದಿ, ಅದನ್ನು ಸೋಲೆಂದುಕೊಳ್ಳಬೇಡಿ. ಕೊನೆಯ ಹಂತದಲ್ಲಿ ಬೆಳಿಗ್ಗೆ 8–9 ಗಂಟೆಯ ಹೊತ್ತಿಗೆ ರಕ್ತದ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದರೆ ಗ್ರಂಥಿ ಎಚ್ಚರವಾಗಿದೆಯೇ ಎಂಬುದು ತಿಳಿಯುತ್ತದೆ. ಅಂದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಬೇಕು. ಮಾತ್ರೆ ಪೂರ್ತಿ ನಿಂತ ಮೇಲೂ ಸುಮಾರು ಒಂದು ವರ್ಷ, ಸ್ಟೀರಾಯ್ಡ್ ತೆಗೆದುಕೊಂಡಿದ್ದೆ ಎಂದು ಬರೆದ ಚೀಟಿ ಪರ್ಸಿನಲ್ಲಿರಲಿ.