ಗಣೇಶ ವಿಸರ್ಜನೆ, ಈದ್ ಮಿಲಾದ್ ಮತ್ತು ತಾಲ್ಲೂಕು ಕಚೇರಿ: ನನ್ನ ಅನುಭವ

2023ರಲ್ಲಿ ಹನ್ನೊಂದನೇ ದಿನದ ಗಣೇಶ ವಿಸರ್ಜನೆ ಮತ್ತು ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಿದ್ದವು. 2024 ಮತ್ತು 2025ರಲ್ಲಿಯೂ ಅವು ಅಕ್ಕಪಕ್ಕದ ದಿನಗಳಲ್ಲೇ ಬಂದವು. ಹಿಜರಿ ವರ್ಷವು ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಮಿಲಾದ್ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತದೆ. ಚಾಂದ್ರಮಾನ ಪಂಚಾಂಗದಲ್ಲಿ ಅಧಿಕ ಮಾಸ ಸೇರುವುದರಿಂದ ಚೌತಿ ಮಾತ್ರ ಮಳೆಗಾಲದ ಕೊನೆಯನ್ನು ಬಿಟ್ಟು ಕದಲುವುದಿಲ್ಲ. ಹೀಗೆ ಎರಡು ಹಬ್ಬಗಳು ಕೂಡಿ ಬರುವುದು ಬಹಳ ಮೊದಲೇ ತಿಳಿದಿರುವ ಸಂಗತಿಯಾದ್ದರಿಂದ, ಆಡಳಿತವು ಕೊನೆಯ ವಾರದವರೆಗೆ ಕಾಯುವುದಕ್ಕೆ ಯಾವ ಕಾರಣವೂ ಇಲ್ಲ. ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿ ನಾನು ಈ ಹಬ್ಬಗಳನ್ನು ನಿರ್ವಹಿಸಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಸಂವಿಧಾನದ 25ನೇ ವಿಧಿಯು ಧಾರ್ಮಿಕ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಡಿಸಿ ನೀಡಿದೆ. ರಸ್ತೆ, ಸಮಯ, ಶಬ್ದ ಇವುಗಳ ಬಗ್ಗೆ ಮಾತನಾಡುವುದು ನನ್ನ ಕೆಲಸವೇ ಹೊರತು, ಮೂರ್ತಿಯನ್ನು ಎಷ್ಟು ದಿನ ಕೂರಿಸಬೇಕು, ಮೆರವಣಿಗೆ ಧರ್ಮಸಮ್ಮತವೋ ಅಲ್ಲವೋ ಎಂಬುದು ನನ್ನ ಕೆಲಸವಲ್ಲ ಎಂದು ನಾನು ಇದರಿಂದ ಅರ್ಥಮಾಡಿಕೊಂಡೆ.

ರೂಢಿಯ ಶಾಂತಿ ಸಭೆಯಲ್ಲಿ ಒಂದು ಬದಿಗೆ ಗಣೇಶ ಮಂಡಳಿಗಳವರು, ಇನ್ನೊಂದು ಬದಿಗೆ ಮುಸ್ಲಿಂ ಸಮುದಾಯದ ಅಂಜುಮನ್ ಕಮಿಟಿಯವರು ಕೂರುತ್ತಾರೆ. ಹಿರಿಯರು ಸೌಹಾರ್ದದ ಭಾಷಣ ಮಾಡಿ ಚಹಾ ಕುಡಿದು ಹೊರಡುತ್ತಾರೆ. ನಾನು ಆಸನಗಳನ್ನು ವಾರ್ಡುವಾರು ಹಾಕಿಸಿದೆ. ಮೆರವಣಿಗೆಯನ್ನು ನಿಜವಾಗಿ ನಡೆಸುವ ಹುಡುಗರನ್ನೂ ಡಿಜೆ ಬಾಡಿಗೆಗೆ ಕೊಡುವವರನ್ನೂ ಹೆಸರು ಹಿಡಿದು ಕರೆಸಿದೆ. ಒಂದೇ ಓಣಿಯ ಜನ ಒಂದೇ ಮೇಜಿನ ಸುತ್ತ ಕುಳಿತಾಗ ಮಾತಿನ ವಿಷಯವೇ ಬದಲಾಯಿತು. ಮಸೀದಿಯ ಮುಂದಿನ ತಿರುವಿನಲ್ಲಿ ವಿದ್ಯುತ್ ತಂತಿ ಜೋತು ಬಿದ್ದಿದೆ, ಎತ್ತರದ ಮೂರ್ತಿಯ ಟ್ರ್ಯಾಕ್ಟರ್ ಅಲ್ಲಿ ನಿಂತೇ ನಿಲ್ಲುತ್ತದೆ, ನಿಂತರೆ ವಾದ್ಯವೂ ಅಲ್ಲೇ ನಿಲ್ಲುತ್ತದೆ ಎಂದು ಹೇಳಿದವರು ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ. “ಸಾಹೇಬ್ರ, ತಂತಿ ಮ್ಯಾಲ ಮಾಡಿಸ್ರಿ, ನಾವು ಯಾಕ ನಿಂದರ್ತೀವ್ರಿ?” ಎಂದ ಮಂಡಳಿಯ ಹುಡುಗ. ವಿದ್ಯುತ್ ಕಂಪನಿ ಹೆಸ್ಕಾಂನ ಸಿಬ್ಬಂದಿ ತಂತಿಯನ್ನು ಎತ್ತರಿಸಿದರು. ಕೋಮು ಸೂಕ್ಷ್ಮ ಎಂದು ಕಡತದಲ್ಲಿ ನಮೂದಾಗುವ ಎಷ್ಟೋ ಜಾಗಗಳ ಹಿಂದೆ ಇಂತಹ ಸಣ್ಣ ಕಾರಣಗಳಿರುತ್ತವೆ. ಅವು ಠಾಣೆಯ ನಕ್ಷೆಯಲ್ಲಿ ಕಾಣುವುದಿಲ್ಲ, ಅಲ್ಲಿ ವಾಸಿಸುವವರಿಗೆ ಗೊತ್ತಿರುತ್ತವೆ.

ಶಬ್ದದ ವಿಷಯದಲ್ಲಿ ನಾನು ಯಾರಿಗೂ ವಿನಾಯಿತಿ ಕೊಡಲಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ; ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ತಹಶೀಲ್ದಾರನಿಗಿಲ್ಲ. ದೇವಸ್ಥಾನದ ಸುಪ್ರಭಾತಕ್ಕೂ ಆಜಾನಿಗೂ ಮದುವೆ ಮನೆಯ ಹಾಡಿಗೂ ಒಂದೇ ನಮೂನೆಯ ಅರ್ಜಿ, ಒಂದೇ ಷರತ್ತುಗಳು ಎಂದು ತೋರಿಸಿದ ಮೇಲೆ ವಾದ ಕಡಿಮೆಯಾಯಿತು.

ಮುಚ್ಚಳಿಕೆ ಬರೆಸಿಕೊಳ್ಳುವ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಅಡಿಯಲ್ಲಿ, ಶಾಂತಿ ಭಂಗ ಮಾಡಬಹುದಾದವರಿಂದ ಕಾರ್ಯನಿರ್ವಾಹಕ ದಂಡಾಧಿಕಾರಿ (ತಾಲ್ಲೂಕಿನಲ್ಲಿ ತಹಶೀಲ್ದಾರ) ಶಾಂತಿ ಕಾಪಾಡುವ ಬಾಂಡ್, ಅಂದರೆ ಮುಚ್ಚಳಿಕೆ, ಪಡೆಯಬಹುದು. ನಿಷ್ಪಕ್ಷಪಾತ ಕಾಣಲೆಂದು ಎರಡೂ ಸಮುದಾಯಗಳಿಂದ ಸಮ ಸಂಖ್ಯೆಯ ಹೆಸರುಗಳನ್ನು ಪಟ್ಟಿಗೆ ಸೇರಿಸುವ ಅಭ್ಯಾಸ ಹಲವೆಡೆ ಇದೆ. ಇದು ಅನ್ಯಾಯ. ಲೆಕ್ಕ ಸರಿದೂಗಿಸಲು ಪಟ್ಟಿಗೆ ಬಂದ ಯುವಕ ತನ್ನ ಧರ್ಮದ ಕಾರಣಕ್ಕೇ ಸರ್ಕಾರ ತನ್ನನ್ನು ಅನುಮಾನಿಸಿತೆಂದು ತಿಳಿಯುತ್ತಾನೆ, ಮತ್ತು ಅವನು ತಿಳಿದದ್ದು ನಿಜವೇ ಆಗಿರುತ್ತದೆ. ಪ್ರತಿ ಹೆಸರಿನ ಎದುರು ಆತ ಮಾಡಿದ ಕೃತ್ಯದ ದಾಖಲೆಯಿಲ್ಲದ ವರದಿಗಳನ್ನು ನಾನು ಠಾಣೆಗೆ ಹಿಂದಿರುಗಿಸಿದೆ.

ಇಂತಹ ಸಭೆಗಳಲ್ಲಿ ದೊಡ್ಡ ಸಮುದಾಯಗಳ ಮಾತೇ ಕೇಳಿಸುತ್ತದೆ. ಊರಿನ ಕೆಲವೇ ಕ್ರೈಸ್ತ ಕುಟುಂಬಗಳಿಗೆ ಹಬ್ಬದ ಬಂದೋಬಸ್ತಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹೂಳಲು ಜಾಗ. ಸಭೆ ಮುಗಿದ ಮೇಲೆ ಅವರ ಹಿರಿಯರೊಬ್ಬರು ಬಾಗಿಲ ಬಳಿ ನಿಂತು ಅದನ್ನು ಹೇಳಿದರು. ಸರ್ಕಾರಿ ಜಮೀನಿನ ಸರ್ವೆ ಮಾಡಿಸಿ, ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಂ ಅನ್ವಯ ಸ್ಮಶಾನಕ್ಕೆ ಕಾಯ್ದಿರಿಸುವ ಪ್ರಸ್ತಾವವನ್ನು ಜಿಲ್ಲಾಧಿಕಾರಿಗಳಿಗೆ ಕಳುಹಿಸಿದೆ. ಅಂದಿನಿಂದ ಶಾಂತಿ ಸಭೆಯ ಕಾರ್ಯಸೂಚಿಯಲ್ಲಿ ಸ್ಮಶಾನ, ದಾರಿ, ನೀರು ಎಂಬ ವಿಷಯಗಳನ್ನು ಮೊದಲಿಗೇ ಇರಿಸಿ, ಸಣ್ಣ ಸಮುದಾಯಗಳವರನ್ನು ಮೊದಲು ಮಾತನಾಡಲು ಕೇಳಿಕೊಳ್ಳುತ್ತಿದ್ದೆ.