ಬಾಲ್ಯದ ಕಾಯಿಲೆ, ಹಾಕಿಸಿಕೊಂಡ ಲಸಿಕೆ: ಹಳೆಯ ಲೆಕ್ಕವನ್ನು ಮತ್ತೆ ಬರೆದಿಡುವುದು ಹೇಗೆ?

ಚಿಕ್ಕಂದಿನಲ್ಲಿ ಯಾವ ಕಾಯಿಲೆ ಬಂದಿತ್ತು, ಯಾವ ಲಸಿಕೆ ಆಗಿದೆ ಎಂದು ವೈದ್ಯರೋ ಉದ್ಯೋಗದ ಅರ್ಜಿಯೋ ಕೇಳಿದಾಗ ಹೆಚ್ಚಿನವರು ಕೊಡುವ ಉತ್ತರ ‘ಎಲ್ಲ ಆಗಿರಬೇಕು’ ಎಂಬುದು. ಮಗುವಾಗಿದ್ದಾಗ ನಡೆದದ್ದು ನೆನಪಿರುವುದಿಲ್ಲ, ನೆನಪಿರುವ ಹಿರಿಯರು ಹತ್ತಿರ ಇರುವುದಿಲ್ಲ, ಲಸಿಕೆ ಕಾರ್ಡ್ ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಗಿರುತ್ತದೆ. ಆದರೂ ಈ ಲೆಕ್ಕವನ್ನು ಬಹುಮಟ್ಟಿಗೆ ಮತ್ತೆ ಕಟ್ಟಿಕೊಳ್ಳಲು ಸಾಧ್ಯವಿದೆ. ಹಾಗೆ ಮಾಡುವಾಗ ಒಂದು ವಿಷಯವನ್ನು ಆರಂಭದಲ್ಲೇ ತಿಳಿದಿರಬೇಕು: ನೆನಪಿನ ಬೆಲೆ ಪ್ರತಿ ರೋಗಕ್ಕೂ ಬೇರೆ ಬೇರೆ. ಕೆಲವು ರೋಗಗಳ ವಿಷಯದಲ್ಲಿ ತಾಯಿಯ ಮಾತೇ ಸಾಕಾಗುತ್ತದೆ, ಕೆಲವಕ್ಕೆ ಬರಹದ ದಾಖಲೆಯೇ ಬೇಕು, ಇನ್ನು ಕೆಲವು ರೋಗಗಳು ಬಂದಿದ್ದವೆಂದು ಖಚಿತವಾದರೂ ಅದರಿಂದ ಮುಂದಕ್ಕೆ ಯಾವ ರಕ್ಷಣೆಯೂ ದೊರೆಯುವುದಿಲ್ಲ.

ಮೊದಲು ಒಂದು ಹಾಳೆ

ಒಂದು ಹಾಳೆಯನ್ನು ತೆಗೆದುಕೊಂಡು ಎಡಗಡೆ ರೋಗಗಳ ಹೆಸರುಗಳನ್ನು ಬರೆಯಿರಿ: ದಡಾರ, ರುಬೆಲ್ಲಾ, ಮಂಗನಬಾವು, ಸೀತಾಳೆ ಸಿಡುಬು, ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು, ಪೋಲಿಯೊ, ಕ್ಷಯ, ಹೆಪಟೈಟಿಸ್ ಬಿ. ಪ್ರತಿಯೊಂದರ ಮುಂದೆ ರೋಗ ಬಂದಿತ್ತೆ, ಯಾವ ವಯಸ್ಸಿನಲ್ಲಿ, ಲಸಿಕೆ ಆಗಿದೆಯೆ, ಎಷ್ಟು ಡೋಸ್ ಎಂಬುದಕ್ಕೆ ಜಾಗ ಬಿಡಿ. ಕೊನೆಯಲ್ಲಿ ಇನ್ನೊಂದು ಅಂಕಣ ಬೇಕೇ ಬೇಕು: ‘ಇದನ್ನು ಹೇಳಿದ್ದು ಯಾರು ಅಥವಾ ಯಾವ ಕಾಗದ’ ಎಂಬುದು. ಅಜ್ಜಿ ಹೇಳಿದ್ದು, ಶಾಲೆಯ ದಾಖಲೆಯಲ್ಲಿ ಇರುವುದು, ತಾನೇ ಊಹಿಸಿದ್ದು ಇವೆಲ್ಲ ಒಂದೇ ಹಾಳೆಯ ಮೇಲೆ ಒಂದೇ ಬಗೆಯಾಗಿ ಕಂಡರೆ ಆರು ತಿಂಗಳ ನಂತರ ನಿಮಗೇ ವ್ಯತ್ಯಾಸ ತಿಳಿಯದು.

ಹಿರಿಯರನ್ನು ಕೇಳುವ ಬಗೆ

‘ನನಗೆ ದಡಾರ ಬಂದಿತ್ತೆ?’ ಎಂದು ನೇರವಾಗಿ ಕೇಳಿದರೆ ‘ಬಂದಿತ್ತು’ ಎಂಬ ಉತ್ತರ ಬರುವುದು ಸುಲಭ, ಏಕೆಂದರೆ ಮೈಮೇಲೆ ಗುಳ್ಳೆ ಎದ್ದ ಎಲ್ಲ ಜ್ವರಗಳೂ ಹಲವರ ನೆನಪಿನಲ್ಲಿ ಒಂದೇ ಆಗಿ ಬೆರೆತಿರುತ್ತವೆ. ಅದರ ಬದಲು ಏನು ಕಂಡಿತು ಎಂದು ಕೇಳಿ. ಜ್ವರ ಮೊದಲು ಬಂತೋ, ಗುಳ್ಳೆ ಮೊದಲು ಬಂತೋ? ಗುಳ್ಳೆಯಲ್ಲಿ ನೀರಿತ್ತೆ? ತುರಿಕೆ ಇತ್ತೆ? ಕಣ್ಣು ಕೆಂಪಾಗಿತ್ತೆ? ಜೊತೆಗೆ ಅಕ್ಕ, ತಮ್ಮನಿಗೂ ಬಂತೆ? ವಯಸ್ಸು ನೆನಪಾಗದಿದ್ದರೆ ತಂಗಿ ಹುಟ್ಟುವ ಮೊದಲೋ ಅನಂತರವೋ, ಶಾಲೆಗೆ ಸೇರಿದ ಮೇಲೋ ಎಂದು ಬೇರೆ ಘಟನೆಗಳಿಗೆ ತಾಳೆ ಹಾಕಿ ಕೇಳಬಹುದು. ಒಡಹುಟ್ಟಿದವರನ್ನು ಪ್ರತ್ಯೇಕವಾಗಿ ಕೇಳುವುದು ಒಳ್ಳೆಯದು. ಒಬ್ಬರ ಕಾಯಿಲೆಯನ್ನು ಇನ್ನೊಬ್ಬರಿಗೆ ಅಂಟಿಸಿ ನೆನಪಿಟ್ಟುಕೊಳ್ಳುವುದು ಮಕ್ಕಳು ಹೆಚ್ಚಿದ್ದ ಮನೆಗಳಲ್ಲಿ ಸಾಮಾನ್ಯ.

ಲಕ್ಷಣದಿಂದ ರೋಗವನ್ನು ಗುರುತಿಸುವುದು

ಹೆಚ್ಚಿನ ಗೊಂದಲ ಇರುವುದು ಇಲ್ಲೇ. ದಡಾರದಲ್ಲಿ ಮೊದಲು ತೀವ್ರ ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪಾಗಿ ನೀರೂರುವ ಕಣ್ಣು ಬರುತ್ತವೆ. ಮೂರರಿಂದ ಐದು ದಿನಗಳ ನಂತರವೇ ಕೆಂಪು ದದ್ದು ಕೂದಲಂಚಿನಲ್ಲಿ, ಕಿವಿಯ ಹಿಂದೆ ಕಾಣಿಸಿಕೊಂಡು ಮುಖದಿಂದ ಕೆಳಗೆ ಕಾಲಿನವರೆಗೆ ಇಳಿಯುತ್ತದೆ. ದದ್ದು ಏಳುವ ಮುನ್ನ ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳಿನಂತಹ ಬಿಳಿಯ ಚುಕ್ಕೆಗಳು ಕಂಡಿದ್ದರೆ ಅದು ದಡಾರವೇ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಆದರೆ ಮಗುವಿನ ಬಾಯೊಳಗೆ ಟಾರ್ಚ್ ಹಿಡಿದು ನೋಡಿದ ವೈದ್ಯರ ಹೊರತು ಬೇರೆಯವರಿಗೆ ಅದು ಕಂಡಿರುವ ಸಂಭವ ಕಡಿಮೆ.

ಸೀತಾಳೆ ಸಿಡುಬಿನ ಗುರುತು ಬೇರೆಯೇ. ಬಹಳ ತುರಿಸುವ, ನೀರು ತುಂಬಿದ ಗುಳ್ಳೆಗಳು ಎದೆ, ಬೆನ್ನು, ಮುಖ, ತಲೆಯ ಬುರುಡೆಯ ಮೇಲೂ ಅಲೆಅಲೆಯಾಗಿ ಏಳುತ್ತವೆ. ಹಾಗಾಗಿ ಒಂದೇ ಅಂಗೈಯಗಲದ ಜಾಗದಲ್ಲಿ ಆಗಷ್ಟೇ ಎದ್ದ ಕೆಂಪು ಚುಕ್ಕೆ, ನೀರುಗುಳ್ಳೆ, ಒಣಗಿದ ಹೊಪ್ಪಳೆ ಮೂರೂ ಒಟ್ಟಿಗೆ ಕಾಣುತ್ತವೆ. ಹಳೆಯ ಸಿಡುಬಿನಲ್ಲಿ ಹೀಗಿರಲಿಲ್ಲ: ಒಂದು ಜಾಗದ ಗುಳ್ಳೆಗಳೆಲ್ಲ ಒಂದೇ ಹಂತದಲ್ಲಿ ಇರುತ್ತಿದ್ದವು, ಮುಖ, ಕೈಕಾಲುಗಳ ಮೇಲೆ, ಅಂಗೈ ಅಂಗಾಲುಗಳಲ್ಲೂ ದಟ್ಟವಾಗಿ ಏಳುತ್ತಿದ್ದವು. ಸಿಡುಬು ಸಹಜವಾಗಿ ತಗುಲಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ ದಾಖಲಾಯಿತು, 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಅದು ನಿರ್ಮೂಲವಾಯಿತೆಂದು ಘೋಷಿಸಿತು. ಆದ್ದರಿಂದ ಆ ನಂತರ ಹುಟ್ಟಿದವರ ಬಗ್ಗೆ ಮನೆಯವರು ‘ಸಿಡುಬು ಆಗಿತ್ತು’ ಎಂದರೆ ಅದನ್ನು ಸೀತಾಳೆ ಸಿಡುಬಿನ ಸಾಲಿಗೆ ಬರೆಯಬೇಕು.

ರುಬೆಲ್ಲಾ ಮನೆಯವರ ಗಮನಕ್ಕೆ ಬಾರದೆ ಹೋಗಿಬಿಡುವ ಕಾಯಿಲೆ. ತೆಳುವಾದ ದದ್ದು ಸುಮಾರು ಮೂರು ದಿನ ಇದ್ದು ಮಾಯವಾಗುತ್ತದೆ, ಕಿವಿಯ ಹಿಂದೆ ಮತ್ತು ಕತ್ತಿನಲ್ಲಿ ಗ್ರಂಥಿಗಳು ಊದುತ್ತವೆ, ಸೋಂಕಿತರಲ್ಲಿ ಅನೇಕರಿಗೆ ಲಕ್ಷಣವೇ ಇರುವುದಿಲ್ಲ. ಹೀಗಾಗಿ ‘ರುಬೆಲ್ಲಾ ಬಂದಿತ್ತು’ ಎಂಬ ನೆನಪನ್ನೂ ‘ಬಂದಿರಲಿಲ್ಲ’ ಎಂಬ ನೆನಪನ್ನೂ ಸಮಾನವಾಗಿ ಅನುಮಾನಿಸಬೇಕು. ಮಂಗನಬಾವಿನಲ್ಲಿ ಕಿವಿಯ ಮುಂದೆ ಮತ್ತು ಕೆಳಗೆ ಊತ ಬಂದು ದವಡೆಯ ಮೂಲೆ ಮುಚ್ಚಿಹೋಗುತ್ತದೆ, ಅಗಿಯುವಾಗ ನೋವಾಗುತ್ತದೆ. ಊತ ಒಂದೇ ಕಡೆ ಇದ್ದು, ಮನೆಯಲ್ಲಿ ಬೇರಾರಿಗೂ ಬಾರದೆ, ಹಲ್ಲಿನ ಚಿಕಿತ್ಸೆಯ ನಂತರ ಇಳಿದಿದ್ದರೆ ಅದು ಹಲ್ಲಿನ ಕೀವಿನಿಂದ ಬಂದದ್ದೂ ಇರಬಹುದು. ನಾಯಿಕೆಮ್ಮನ್ನು ಕಂಡವರು ಮರೆಯುವುದಿಲ್ಲ: ಉಸಿರು ತೆಗೆದುಕೊಳ್ಳಲು ಬಿಡದ ಕೆಮ್ಮಿನ ಸರಣಿ, ಕೊನೆಯಲ್ಲಿ ಕೂಗಿನಂತೆ ಎಳೆಯುವ ಉಸಿರು, ಆಮೇಲೆ ವಾಂತಿ, ಹೀಗೆ ವಾರಗಟ್ಟಲೆ.

ಕಾಗದಗಳನ್ನು ಹುಡುಕಿ, ನಿಧಾನವಾಗಿ ಓದಿ

ಲಸಿಕೆ ಕಾರ್ಡ್ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಸಿಗದಿದ್ದರೆ ಶಾಲೆ ಸೇರುವಾಗ ಕೊಟ್ಟ ಪ್ರತಿ, ಆಸ್ಪತ್ರೆಯ ಹಳೆಯ ಚೀಟಿ, ವಿದೇಶ ಪ್ರಯಾಣಕ್ಕೆಂದು ಮಾಡಿಸಿದ ಪ್ರಮಾಣಪತ್ರ, ತಾಯಿ ಬರೆದಿಟ್ಟ ದಿನಚರಿಯನ್ನು ನೋಡಬಹುದು. ಬಿಸಿಜಿ ಎಂಬುದು ಕ್ಷಯದ ಲಸಿಕೆ, ಒಪಿವಿ ಬಾಯಿಗೆ ಹಾಕುವ ಪೋಲಿಯೊ ಹನಿ, ಐಪಿವಿ ಪೋಲಿಯೊದ ಚುಚ್ಚುಮದ್ದು. ಡಿಪಿಟಿ ಎಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿ. ಟಿಟಿ ಎಂಬುದು ಧನುರ್ವಾಯುವಿಗೆ ಮಾತ್ರ. ಎಂಆರ್ ಎಂದಿದ್ದರೆ ದಡಾರ ಮತ್ತು ರುಬೆಲ್ಲಾ, ಎಂಎಂಆರ್ ಎಂದಿದ್ದರೆ ಅವೆರಡರ ಜೊತೆ ಮಂಗನಬಾವು. ಆ ಒಂದು ‘ಎಂ’ ಅಕ್ಷರ ಇದೆಯೋ ಇಲ್ಲವೋ ಎಂದು ಎರಡು ಸಲ ನೋಡಬೇಕು.

ಹಳೆಯ ಕಾರ್ಡ್‌ಗಳಲ್ಲಿ ಕಣ್ಣು ತಪ್ಪುವ ಇನ್ನೊಂದು ಜಾಗವಿದೆ. ಡಿಪಿಟಿಯ ಮೂರು ಚೌಕಗಳಲ್ಲಿ ಎರಡರಲ್ಲಿ ಶಾಯಿಯಿಂದ ಬರೆದ ದಿನಾಂಕ ಮತ್ತು ಸಹಿ ಇದ್ದು, ಮೂರನೆಯದರಲ್ಲಿ ಪೆನ್ಸಿಲ್‌ನಿಂದ ದಿನಾಂಕ ಮಾತ್ರ ಬರೆದಿದ್ದರೆ, ಅದು ಲಸಿಕೆ ಹಾಕಿದ ದಿನವಾಗಿರದೆ ಮತ್ತೆ ಬನ್ನಿ ಎಂದು ಸೂಚಿಸಿದ ದಿನವಾಗಿರಬಹುದು. ಸಹಿಯಾಗಲಿ ಮುದ್ರೆಯಾಗಲಿ ಇಲ್ಲದ ಅಂತಹ ಚೌಕವನ್ನು ಡೋಸ್ ಎಂದು ಎಣಿಸಬೇಡಿ.

ಕಾಗದವೇ ಇಲ್ಲದವರು ತೋಳನ್ನು ನೋಡಿಕೊಳ್ಳಬಹುದು. ಬಿಸಿಜಿ ಹಾಕಿದ ಜಾಗದಲ್ಲಿ, ಸಾಮಾನ್ಯವಾಗಿ ಎಡ ಮೇಲ್ತೋಳಿನಲ್ಲಿ, ಚಿಕ್ಕ ಗುಂಡಗಿನ ಕಲೆ ಉಳಿಯುತ್ತದೆ, ಆದರೆ ಎಲ್ಲರಿಗೂ ಉಳಿಯುವುದಿಲ್ಲ. ಸಿಡುಬಿನ ಲಸಿಕೆಯೂ ಕಲೆ ಬಿಡುತ್ತಿತ್ತು, ಆದರೆ ನಿರ್ಮೂಲನೆಯ ನಂತರ ಸಾಮಾನ್ಯ ಜನರಿಗೆ ಅದನ್ನು ಹಾಕುವುದು ನಿಂತುಹೋಯಿತು. ದಡಾರ, ಪೋಲಿಯೊ, ಡಿಪಿಟಿ ಲಸಿಕೆಗಳು ಇಂತಹ ಗುರುತನ್ನು ಬಿಡುವುದಿಲ್ಲ. ‘ತೋಳಿನಲ್ಲಿ ಕಲೆಯಿದೆ, ಎಲ್ಲ ಲಸಿಕೆಯೂ ಆಗಿದೆ’ ಎಂಬ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಹುಟ್ಟಿದ ವರ್ಷವೂ ಒಂದು ಸುಳಿವು. ಪೋಲಿಯೊದ ಸಾಲ್ಕ್ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ, ದಡಾರದ್ದು 1963ರಲ್ಲಿ, ಮಂಗನಬಾವಿನದು 1967ರಲ್ಲಿ, ರುಬೆಲ್ಲಾದ್ದು 1969ರಲ್ಲಿ, ಮೂರೂ ಸೇರಿದ ಎಂಎಂಆರ್ 1971ರಲ್ಲಿ. ಸೀತಾಳೆ ಸಿಡುಬಿನ ಲಸಿಕೆಯನ್ನು ಜಪಾನಿನ ಮಿಚಿಯಾಕಿ ತಕಹಾಶಿ 1970ರ ದಶಕದಲ್ಲಿ ರೂಪಿಸಿದರೂ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿದ್ದು 1995ರಲ್ಲಿ. ಇವು ಅಮೆರಿಕದಲ್ಲಿ ಮೊದಲು ಬಂದ ವರ್ಷಗಳು. ಅನೇಕ ದೇಶಗಳ ಸಾರ್ವಜನಿಕ ಕಾರ್ಯಕ್ರಮಗಳಿಗೆ ಅವು ಸೇರಿದ್ದು ಎಷ್ಟೋ ವರ್ಷಗಳ ನಂತರ. ಲಸಿಕೆಯೇ ಇಲ್ಲದ ಕಾಲದಲ್ಲಿ ದಡಾರ ಬಹುತೇಕ ಪ್ರತಿ ಮಗುವಿಗೂ ತಗುಲುತ್ತಿತ್ತು. ಆ ಕಾರಣಕ್ಕೇ ಅಮೆರಿಕದಲ್ಲಿ 1957ಕ್ಕಿಂತ ಮೊದಲು ಹುಟ್ಟಿದವರಿಗೆ ಅದರ ನಿರೋಧಕ ಶಕ್ತಿ ಇದೆಯೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ.

ಬಂದುಹೋದ ರೋಗ ಎಷ್ಟು ಕಾಯುತ್ತದೆ?

1846ರಲ್ಲಿ ಫೇರೋ ದ್ವೀಪಗಳಲ್ಲಿ ದಡಾರ ಹರಡಿದಾಗ ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನಮ್ ಎಂಬ ಯುವ ವೈದ್ಯನನ್ನು ಅಲ್ಲಿಗೆ ಕಳುಹಿಸಿತು. ಸುಮಾರು 7,800 ಜನರಿದ್ದ ದ್ವೀಪಗಳಲ್ಲಿ ಸುಮಾರು 6,000 ಮಂದಿ ಕಾಯಿಲೆ ಬಿದ್ದರು. ಆದರೆ 65 ವರ್ಷಗಳ ಹಿಂದೆ, 1781ರ ದಡಾರದಲ್ಲಿ ಮಕ್ಕಳಾಗಿದ್ದು ಬದುಕುಳಿದಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ಮತ್ತೆ ಬರಲಿಲ್ಲವೆಂದು ಪಾನಮ್ ದಾಖಲಿಸಿದ. ನಡುವಿನ ವರ್ಷಗಳಲ್ಲಿ ದ್ವೀಪದಲ್ಲಿ ದಡಾರವೇ ಇರಲಿಲ್ಲ. ಒಮ್ಮೆ ಬಂದ ದಡಾರ ಜೀವನಪರ್ಯಂತ ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಸಿಗುವುದು ಕಷ್ಟ. ಹಾಗೆಂದು ಮಗುವಿಗೆ ಲಸಿಕೆಗಿಂತ ರೋಗವೇ ವಾಸಿ ಎಂಬ ವಾದಕ್ಕೆ ಇದನ್ನು ಎಳೆದು ತರಬಾರದು. ದಡಾರದ ವೈರಸ್ ಬೇರೆ ರೋಗಗಳ ವಿರುದ್ಧ ಮೊದಲೇ ಇದ್ದ ಪ್ರತಿಕಾಯಗಳಲ್ಲಿ (ರೋಗಾಣುವನ್ನು ಗುರುತಿಸಿ ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳಲ್ಲಿ) 11ರಿಂದ 73 ಶೇಕಡದಷ್ಟನ್ನು ಅಳಿಸಿಹಾಕಬಲ್ಲದೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಧನುರ್ವಾಯುವಿನ ಕಥೆ ಇದಕ್ಕೆ ತದ್ವಿರುದ್ಧ. ಸಾಯುವಷ್ಟು ಕಾಯಿಲೆ ಮಾಡಲು ಬೇಕಾದ ವಿಷದ ಪ್ರಮಾಣ ಎಷ್ಟು ಕಡಿಮೆಯೆಂದರೆ, ದೇಹದ ರಕ್ಷಣಾ ವ್ಯವಸ್ಥೆಗೆ ಅದನ್ನು ಗುರುತಿಟ್ಟುಕೊಳ್ಳಲು ಅಷ್ಟು ಸಾಕಾಗುವುದಿಲ್ಲ. ಆದ್ದರಿಂದ ಧನುರ್ವಾಯು ಬಂದು ಗುಣವಾದವರಿಗೂ ಲಸಿಕೆ ಹಾಕಬೇಕು. ಗಂಟಲಮಾರಿಯಿಂದ ಚೇತರಿಸಿಕೊಂಡವರಿಗೂ ಇದೇ ನಿಯಮ. ನಾಯಿಕೆಮ್ಮಿನಲ್ಲಿ ರೋಗ ಕೊಟ್ಟ ರಕ್ಷಣೆಯೂ ಲಸಿಕೆ ಕೊಟ್ಟ ರಕ್ಷಣೆಯೂ ವರ್ಷಗಳು ಕಳೆದಂತೆ ಇಳಿಯುತ್ತವೆ. ಪೋಲಿಯೊ ವೈರಸ್‌ನಲ್ಲಿ ಮೂರು ಬಗೆಗಳಿದ್ದು, ಒಂದರ ಸೋಂಕು ಇನ್ನೆರಡರಿಂದ ಕಾಯುವುದಿಲ್ಲ. ಸೀತಾಳೆ ಸಿಡುಬು ಎರಡನೆಯ ಬಾರಿ ಬರುವುದು ವಿರಳ, ಆದರೆ ಅದರ ವೈರಸ್ ದೇಹದಿಂದ ಹೊರಗೆ ಹೋಗದೆ ನರಗಳ ಬುಡದಲ್ಲಿ ಉಳಿದು ದಶಕಗಳ ನಂತರ ಸರ್ಪಸುತ್ತಾಗಿ ಏಳಬಹುದು. ಹೀಗಾಗಿ ಆ ಸಾಲಿನಲ್ಲಿ ‘ಬಂದಿತ್ತು’ ಎಂದು ಬರೆದವರು ಐವತ್ತು ದಾಟಿದ ಮೇಲೆ ಸರ್ಪಸುತ್ತಿನ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ರಕ್ತಪರೀಕ್ಷೆ ಮಾಡಿಸಬೇಕೆ?

ದಡಾರ, ರುಬೆಲ್ಲಾ, ಸೀತಾಳೆ ಸಿಡುಬು, ಹೆಪಟೈಟಿಸ್ ಬಿ ಇವುಗಳ ಪ್ರತಿಕಾಯ ರಕ್ತದಲ್ಲಿದೆಯೇ ಎಂದು ಪರೀಕ್ಷಿಸಬಹುದು. ಗರ್ಭ ಧರಿಸಲು ಯೋಚಿಸುತ್ತಿರುವವರು ಮತ್ತು ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೆ ಇದರ ಉಪಯೋಗ ಹೆಚ್ಚು. ಉಳಿದವರ ವಿಷಯದಲ್ಲಿ, ದಾಖಲೆಯಿಲ್ಲದಿದ್ದರೆ ಪರೀಕ್ಷೆಗೆ ಓಡಾಡುವುದಕ್ಕಿಂತ ಲಸಿಕೆಯನ್ನೇ ಹಾಕಿಸಿಕೊಳ್ಳುವುದು ಅನೇಕ ಸಲ ಸರಳ, ಏಕೆಂದರೆ ಈಗಾಗಲೇ ನಿರೋಧಕ ಶಕ್ತಿ ಇರುವವರಿಗೆ ಎಂಎಂಆರ್‌ನ ಇನ್ನೊಂದು ಡೋಸ್‌ನಿಂದ ಹಾನಿಯಿಲ್ಲ. ಧನುರ್ವಾಯುವಿನ ಲಸಿಕೆಯನ್ನು ಮಾತ್ರ ತೀರಾ ಮೇಲಿಂದ ಮೇಲೆ ಹಾಕಿಸಿಕೊಂಡರೆ ತೋಳು ಬಹಳ ಊದಿಕೊಳ್ಳಬಹುದು. ಎಂಎಂಆರ್ ಎರಡು ಡೋಸ್ ಆಗಿರುವುದಕ್ಕೆ ಸರಿಯಾದ ದಾಖಲೆಯಿದ್ದು ದಡಾರದ ರಕ್ತಪರೀಕ್ಷೆ ಮಾತ್ರ ‘ಇಲ್ಲ’ ಎಂದರೆ ಸಾಮಾನ್ಯವಾಗಿ ದಾಖಲೆಯನ್ನೇ ನಂಬಲಾಗುತ್ತದೆ. ದಡಾರದ ವಿರುದ್ಧ ಒಂದು ಡೋಸ್ ಶೇಕಡ 93ರಷ್ಟು, ಎರಡು ಡೋಸ್ ಶೇಕಡ 97ರಷ್ಟು ರಕ್ಷಣೆ ಕೊಡುತ್ತವೆ.

ವೈದ್ಯರ ಮುಂದೆ

ಹಾಳೆಯನ್ನು ಹಿಡಿದು ಹೋದಾಗ ಮೂರು ಸಂಗತಿಗಳನ್ನು ನೀವಾಗಿಯೇ ಹೇಳಬೇಕು: ಗರ್ಭಿಣಿಯೇ ಅಥವಾ ಸದ್ಯದಲ್ಲಿ ಆಗುವ ಯೋಚನೆಯಿದೆಯೇ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಕಾಯಿಲೆ ಅಥವಾ ಔಷಧ ಇದೆಯೇ, ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿತ್ತೇ. ಎಂಎಂಆರ್ ಮತ್ತು ಸೀತಾಳೆ ಸಿಡುಬಿನ ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವುದರಿಂದ ಅವುಗಳನ್ನು ಗರ್ಭಿಣಿಯರಿಗೆ ಹಾಕುವುದಿಲ್ಲ, ಹಾಕಿಸಿಕೊಂಡ ಮೇಲೂ ಗರ್ಭಧಾರಣೆಗೆ ಕನಿಷ್ಠ ನಾಲ್ಕು ವಾರ ಕಾಯುವಂತೆ ಹೇಳುತ್ತಾರೆ. ರುಬೆಲ್ಲಾ ಸಾಲು ಖಾಲಿ ಇರುವ ಯುವತಿಯರು ಲಸಿಕೆಯನ್ನು ಮುಂದೂಡಬಾರದು. ಗರ್ಭದ ಆರಂಭದ ತಿಂಗಳುಗಳಲ್ಲಿ ತಾಯಿಗೆ ತಗುಲಿದ ಈ ಸಣ್ಣ ಕಾಯಿಲೆ ಮಗುವಿನ ಕಣ್ಣು, ಕಿವಿ, ಹೃದಯವನ್ನು ಕೆಡಿಸಬಲ್ಲದು. ಹುಟ್ಟುವಾಗಲೇ ಕಣ್ಣಿನ ಪೊರೆಯಿದ್ದ ಶಿಶುಗಳ ತಾಯಂದಿರನ್ನು ವಿಚಾರಿಸಿ ಆ ನಂಟನ್ನು 1941ರಲ್ಲಿ ಮೊದಲು ಬಯಲಿಗೆ ತಂದವರು ಆಸ್ಟ್ರೇಲಿಯಾದ ನೇತ್ರತಜ್ಞ ನಾರ್ಮನ್ ಗ್ರೆಗ್.

ಜೀವಂತ ವೈರಸ್ಸಿನ ಎರಡು ಚುಚ್ಚುಮದ್ದುಗಳನ್ನು ಒಂದೇ ದಿನ ಹಾಕಬಹುದು, ಇಲ್ಲವಾದರೆ ನಡುವೆ ನಾಲ್ಕು ವಾರ ಬಿಡಬೇಕು. ಅರ್ಧಕ್ಕೆ ನಿಂತ ಲಸಿಕೆ ಸರಣಿಯನ್ನು ಎಷ್ಟೇ ವರ್ಷ ಕಳೆದಿದ್ದರೂ ಸಾಮಾನ್ಯವಾಗಿ ಮೊದಲಿನಿಂದ ಆರಂಭಿಸುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಆ ಕಾರಣಕ್ಕೇ ಕಾರ್ಡ್‌ನಲ್ಲಿ ಶಾಯಿಯ ಸಹಿಯಿರುವ ಒಂದೊಂದು ಚೌಕಕ್ಕೂ ಬೆಲೆಯಿದೆ. ಹೊಸದಾಗಿ ಹಾಕಿಸಿಕೊಂಡ ಪ್ರತಿ ಡೋಸ್‌ನ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ, ಹಾಕಿದವರ ಸಹಿಯನ್ನು ಅಲ್ಲೇ, ಎದ್ದು ಹೊರಡುವ ಮುಂಚೆ ಬರೆಸಿಕೊಳ್ಳಿ. ದಿನಾಂಕದಲ್ಲಿ ತಿಂಗಳನ್ನು ಅಂಕಿಯ ಬದಲು ಹೆಸರಿನಿಂದ ಬರೆಸುವುದು ಮೇಲು, ಏಕೆಂದರೆ ಕೆಲವು ದೇಶಗಳಲ್ಲಿ ತಿಂಗಳು ಮೊದಲು, ಕೆಲವು ಕಡೆ ದಿನ ಮೊದಲು ಬರುವುದರಿಂದ 4–7 ಎಂಬುದು ಏಪ್ರಿಲ್ ತಿಂಗಳೋ ಜುಲೈ ತಿಂಗಳೋ ಎಂದು ಮುಂದೆ ಓದುವವರಿಗೆ ಗೊತ್ತಾಗುವುದಿಲ್ಲ. ಹಾಳೆಯ ಫೋಟೊ ತೆಗೆದು ಮನೆಯ ಇನ್ನೊಬ್ಬರ ಬಳಿಯೂ ಒಂದು ಪ್ರತಿ ಇಡಿ.