ಮೈಎಸ್‌ಕ್ಯೂಎಲ್ ಇನ್‌ಸ್ಟಾಲ್ ಆಗದೆ ಸತಾಯಿಸುತ್ತಿದೆಯೇ?

ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಪ್ಲಸ್ ಟು ಕಂಪ್ಯೂಟರ್ ಸಯನ್ಸ್ ಓದುವ ಮಕ್ಕಳು ಶಾಲೆಯ ಲ್ಯಾಬಿನಲ್ಲಿ ಲಿನಕ್ಸ್ ಬಳಸುತ್ತಾರೆ. ಮನೆಯಲ್ಲಿರುವುದು ವಿಂಡೋಸ್. ಅದಕ್ಕೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಹಾಕಲು ಹೊರಟರೆ ಎಲ್ಲ ಸರಿಯಾಗಿ ನಡೆದು, ಕೊನೆಗೆ 'ಸ್ಟಾರ್ಟಿಂಗ್ ದ ಸರ್ವರ್' ಎಂಬಲ್ಲಿ ಕೆಂಪು ಗುರುತು ಬೀಳುತ್ತದೆ. ಕೂಡಲೇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಬೇಡಿ. ಸುಮ್ನೆ ಡೇಟಾ ಖರ್ಚು.

ಮೊದಲು ಲಾಗ್, ಅಂದರೆ ಏನೇನಾಯಿತೆಂದು ಸರ್ವರ್ ಬರೆದಿಡುವ ಫೈಲ್, ಓದಿ. ಸಿ ಡ್ರೈವಿನ 'ಪ್ರೋಗ್ರಾಂಡೇಟಾ' ಫೋಲ್ಡರ್ ಕಣ್ಣಿಗೆ ಬೀಳುವುದಿಲ್ಲ. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ'ನಲ್ಲಿ 'ಹಿಡನ್ ಐಟಮ್ಸ್' ಆನ್ ಮಾಡಿ. ಒಳಗೆ ಮೈಎಸ್‌ಕ್ಯೂಎಲ್, ಅದರೊಳಗೆ ಸರ್ವರ್ ಹೆಸರಿನ ಫೋಲ್ಡರ್, ಅದರಲ್ಲಿ 'ಡೇಟಾ'. ಪರ್ಮಿಷನ್ ಕೇಳಿದರೆ 'ಕಂಟಿನ್ಯೂ' ಒತ್ತಿ. ನಿಮ್ಮ ಕಂಪ್ಯೂಟರಿನ ಹೆಸರಿನ ಕೊನೆಗೆ 'ಡಾಟ್ ಇಆರ್‌ಆರ್' ಇರುವ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಕೆಳಗಿನಿಂದ ಮೇಲಕ್ಕೆ 'ಎರರ್' ಎಂದಿರುವ ಸಾಲು ಹುಡುಕಿ.

'ಬೈಂಡ್ ಆನ್ ಟಿಸಿಪಿ/ಐಪಿ ಪೋರ್ಟ್' ಎಂದಿದ್ದರೆ 3306ನೇ ಪೋರ್ಟನ್ನು (ಸರ್ವರ್ ಸಂಪರ್ಕಕ್ಕೆ ಬಳಸುವ, ಬಾಗಿಲಿನಂಥ ನಂಬರ್) ಬೇರೊಂದು ಪ್ರೋಗ್ರಾಂ ಹಿಡಿದು ಕೂತಿದೆ. ಮೊದಲೇ ವೆಬ್ ಸರ್ವರ್ ಪ್ಯಾಕೇಜಾದ ಕ್ಸ್ಯಾಂಪ್ ಹಾಕಿದ್ದೀರಾ? ಅದರ ಜತೆ ಬರುವ ಮರಿಯಾಡಿಬಿ ಎಂಬ ಡೇಟಾಬೇಸಿಗೂ ಇದೇ ಪೋರ್ಟ್ ಬೇಕು. ಕಮಾಂಡ್ ಪ್ರಾಂಪ್ಟಿನಲ್ಲಿ 'ನೆಟ್‌ಸ್ಟ್ಯಾಟ್' ಬರೆದು, ಸ್ಪೇಸ್ ಕೊಟ್ಟು, ಹೈಫನ್ ಹಾಕಿ ಎ, ಎನ್, ಒ ಸೇರಿಸಿ. 3306 ಇರುವ ಸಾಲಿನ ಕೊನೆಯ ಅಂಕಿಯನ್ನು ಟಾಸ್ಕ್ ಮ್ಯಾನೇಜರಿನ 'ಡೀಟೇಲ್ಸ್'ನಲ್ಲಿ ಪಿಐಡಿ (ಪ್ರತಿ ಪ್ರೋಗ್ರಾಮಿನ ಗುರುತಿನ ಸಂಖ್ಯೆ) ಜತೆ ತಾಳೆ ನೋಡಿದರೆ ಆಸಾಮಿ ಸಿಕ್ಕಿಬೀಳುತ್ತಾನೆ. ಅವನನ್ನು ನಿಲ್ಲಿಸಿ, ಇಲ್ಲವೇ ಹೊಸದಕ್ಕೆ 3307 ಕೊಡಿ.

'ಡೇಟಾ ಡೈರೆಕ್ಟರಿ ಹ್ಯಾಸ್ ಫೈಲ್ಸ್ ಇನ್ ಇಟ್' ಎಂದಿದ್ದರೆ ಅದು ಹಿಂದಿನ ಪ್ರಯತ್ನದ ಪಳೆಯುಳಿಕೆ. ಅನ್‌ಇನ್‌ಸ್ಟಾಲ್ ಮಾಡಿದರೂ ಡೇಟಾ ಫೋಲ್ಡರ್ ಹಲವು ಸಲ ಹಾಗೇ ಉಳಿಯುತ್ತದೆ. ಎರಡನೇ ಸಲವೂ ಕೈಕೊಡುವುದು ಜಾಸ್ತಿ ಇದರಿಂದಲೇ. ಮಳೆಗಾಲದಲ್ಲಿ ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೂ ಇದೇ ಪಾಡು. ಹಳೆಯ ಟೇಬಲ್‌ಗಳು ಬೇಕಿದ್ದರೆ ಮೊದಲು ಫೋಲ್ಡರನ್ನು ಬೇರೆಡೆ ಕಾಪಿ ಮಾಡಿ, ಆಮೇಲೆ ಅಳಿಸಿ. ಹಳೆಯ ಸರ್ವಿಸ್ (ವಿಂಡೋಸ್ ಹಿನ್ನೆಲೆಯಲ್ಲಿ ನಡೆಸುವ ಪ್ರೋಗ್ರಾಂ) ಹೆಸರೂ ಉಳಿದಿರಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು 'ಎಸ್‌ಸಿ ಡಿಲೀಟ್' ಬರೆದು ಸರ್ವಿಸಿನ ಹೆಸರು ಕೊಡಿ. 8.0 ಆವೃತ್ತಿಯಾದರೆ ಅದು ಸಾಮಾನ್ಯವಾಗಿ 'ಮೈಎಸ್‌ಕ್ಯೂಎಲ್80'.

ಲಾಗ್ ಫೈಲೇ ಇಲ್ಲವೇ? ಕಂಪ್ಯೂಟರಿನ ಹೆಸರು ನೋಡಿ. ಅಭಿಮಾನದಿಂದ ಕನ್ನಡ ಲಿಪಿಯಲ್ಲಿ 'ಮಧೂರು' ಎಂದೋ 'ಅನಂತಪುರ' ಎಂದೋ ಇಟ್ಟಿದ್ದರೆ, ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿ ರೀಸ್ಟಾರ್ಟ್ ಮಾಡಿ. ಹೆಸರಲ್ಲಿ ಇಂಗ್ಲಿಷ್ ಅಲ್ಲದ ಅಕ್ಷರವಿದ್ದರೆ ಸರ್ವರ್ ಮುಗ್ಗರಿಸುವುದುಂಟು. ಬೇಸರದ ಮಾತೇ, ಆದರೆ ಪರೀಕ್ಷೆ ಹತ್ತಿರವಿದೆ ಅಲ್ವಾ? ವಿಷುವಲ್ ಸಿ++ ರಿಡಿಸ್ಟ್ರಿಬ್ಯೂಟಬಲ್ ಎಂಬ ಸಹಾಯಕ ಫೈಲುಗಳ ಕಂತೆ ಇಲ್ಲದಿದ್ದರೂ ಸರ್ವರ್ ಏಳುವುದಿಲ್ಲ. ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಳ್ಳಿ.

ಇಷ್ಟಾಗಿಯೂ ಹಟ ಹಿಡಿದರೆ 'ಸರ್ವಿಸಸ್' ತೆರೆದು ಮೈಎಸ್‌ಕ್ಯೂಎಲ್ ಮೇಲೆ ಡಬಲ್ ಕ್ಲಿಕ್ ಮಾಡಿ. 'ಲಾಗ್ ಆನ್'ನಲ್ಲಿ 'ಲೋಕಲ್ ಸಿಸ್ಟಮ್ ಅಕೌಂಟ್' ಆರಿಸಿ ಸ್ಟಾರ್ಟ್ ಮಾಡಿ. ಮನೆಯಲ್ಲಿ ಕಲಿಯಲು ಇದು ಸಾಕು, ಆಫೀಸಿನ ಸರ್ವರಿಗೆ ಹೀಗೆ ಮಾಡಬೇಡಿ.

ಸರ್ವಿಸ್ 'ರನ್ನಿಂಗ್' ಎಂದು ತೋರಿಸಿದ ಮೇಲೆ ಕಮಾಂಡ್ ಲೈನ್ ಕ್ಲೈಂಟ್ ತೆರೆಯಿರಿ. ಪಾಸ್‌ವರ್ಡ್ ಕೊಟ್ಟೊಡನೆ ಕಿಟಕಿ ಮುಚ್ಚಿಕೊಂಡರೆ ಗಾಬರಿ ಬೇಡ, ಈ ಹಂತದಲ್ಲಿ ಹೆಚ್ಚಾಗಿ ಪಾಸ್‌ವರ್ಡೇ ತಪ್ಪಿರುತ್ತದೆ.